ಬಿಟ್ಟುಕೊಟ್ಟ ನಡುಮಣೆ

ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಸಹಪಾಠಿಯೊಬ್ಬರೊಡನೆ ಆಡಿ ಸೋತ ಒಂದು ಚದುರಂಗದಾಟವನ್ನು ನಾವು ಇಂದಿಗೂ ಮರೆತಿಲ್ಲ. ಮಣೆಯ ನಡುವನ್ನು ಕಾಲಾಳುಗಳಿಂದ ಮೊದಲೇ ಹಿಡಿಯಬೇಕೆಂದು ಮಠದ ಹಿರಿಯರೊಬ್ಬರು ನಮಗೆ ಕಲಿಸಿದ್ದರು. ಅಂದು ನಮ್ಮ ಎರಡು ಬಿಳಿಯ ಕಾಲಾಳುಗಳು ನಡುವಿನಲ್ಲಿ ಜೋಡಿಯಾಗಿ ನಿಂತುವು. ಗೆಳೆಯರು ತಡೆಯಲೇ ಇಲ್ಲ. ಕುದುರೆಗೆ ಕುದುರೆಯನ್ನು ಬದಲಿತ್ತು, ಒಂಟೆಯನ್ನು ಮೂಲೆಯ ಬಳಿ ಇರಿಸಿ ಸುಮ್ಮನಾದರು. ಅದನ್ನು ಅಂಜಿಕೆಯೆಂದು ಬಗೆದೆವು. ಪಕ್ಕದ ಕಾಲಾಳು ಮುಂದೆ ಬಂದು ತಿವಿದಾಗಲೇ, ಆ ಒಂಟೆ ದೂರದಿಂದ ನಮ್ಮ ನಡುವಿನತ್ತಲೇ ಗುರಿಯಿಟ್ಟಿದ್ದುದು ತಿಳಿದದ್ದು. ಹೆಮ್ಮೆಯ ಕಾಲಾಳುಗಳನ್ನು ಕಾಯುವುದರಲ್ಲಿಯೇ ನಮ್ಮ ಆನೆ, ಮಂತ್ರಿಗಳು ದಣಿದುವು.

ಆ ವ್ಯೂಹಕ್ಕೆ ಗ್ರುನ್‌ಫೆಲ್ಡ್ ರಕ್ಷಣೆಯೆಂದು ಹೆಸರು. ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡರು 1922ರಲ್ಲಿ ಅದರಿಂದ ಅಲೆಖೈನರನ್ನೂ ಮಣಿಸಿದರು. ನಡುವನ್ನು ಆಕ್ರಮಿಸಬೇಕಾಗಿಲ್ಲ, ದೂರದಿಂದ ಹಿಡಿತದಲ್ಲಿರಿಸಿದರೆ ಸಾಕೆಂಬುದು ನಿಮ್ಜೊವಿಚ್, ರೇಟಿ ಮೊದಲಾದ ನವ್ಯರ ವಾದ. ಆದರೆ 1850ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿಯವರು ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ನ್ಯಾಯವಾದಿಯೆದುರು ಒಂಟೆಯನ್ನು ಹೀಗೆಯೇ ಮೂಲೆಯ ಬಳಿ ಇರಿಸಿ ಆಡಿದ್ದರು!

ಹಾಗೆಂದು ಹಿರಿಯರ ಪಾಠ ಸುಳ್ಳೆಂದು ನಾವು ಒಪ್ಪೆವು. ಕಾಯಬಲ್ಲವನಿಗೆ ಆ ಕಾಲಾಳುಗಳೇ ಬಲ. ಬಿಳಿಯ ಕಾಯಿ ದೊರೆತರೆ ಈಗಲೂ ನಡುವನ್ನೇ ಹಿಡಿಯುತ್ತೇವೆ. ಕಣ್ಣು ಮಾತ್ರ ಮೂಲೆಯ ಒಂಟೆಯ ಮೇಲಿರುತ್ತದೆ.