ಬೆಳ್ಳಿಗೆ ಕೊಟ್ಟ ಬಿಸ್ಕತ್ತು

ಭಾನುವಾರ ಬೆಳಿಗ್ಗೆ ನಾನಿನ್ನೂ ಕಾಫಿ ಲೋಟ ಕೈಗೆತ್ತಿಕೊಂಡಿರಲಿಲ್ಲ, ಮೊಮ್ಮಗಳು ಓಡಿಬಂದಳು. "ತಾತ, ಬೆಳ್ಳಿ ರಾತ್ರಿಯಿಂದ ಏನೂ ತಿಂದಿಲ್ಲ. ಹಿಕ್ಕೆನೂ ಹಾಕಿಲ್ಲ."

ಬೆಳ್ಳಿ ಎಂದರೆ ಪದ್ಮನಾಭನಗರದ ನಮ್ಮ ಮನೆಯ ಬಿಳಿ ಮೊಲ.

"ಸಂಜೆ ಹೊತ್ತಿಗೆ ತಾನೇ ತಿನ್ನುತ್ತೆ ಬಿಡು ಪುಟ್ಟಿ" ಎಂದೆ. ನಾನು ಹಳ್ಳಿಯಲ್ಲಿ ಬೆಳೆದವನು. ಹಸು ಒಂದು ಹೊತ್ತು ಮೇವು ಬಿಟ್ಟರೆ ನಮ್ಮಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ.

ಅವಳು ಗೂಡಿನ ಮುಂದೆ ಕೂತವಳು ಏಳಲೇ ಇಲ್ಲ. ನಾನೂ ಹೋಗಿ ಬಗ್ಗಿ ನೋಡಿದೆ. ಬೆಳ್ಳಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಕೊತ್ತಂಬರಿ ಸೊಪ್ಪು ಹಿಡಿದರೂ ಮೂಸಲಿಲ್ಲ.

ಹತ್ತಿರದ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ನಾಯಿ, ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ಕೊನೆಗೆ ಜಯನಗರದಲ್ಲಿ ಮೊಲ ನೋಡುವ ಡಾಕ್ಟರು ಸಿಕ್ಕರು. ಬುಟ್ಟಿಯಲ್ಲಿ ಟವೆಲ್ ಹಾಸಿ, ಮೇಲೆ ತೆಳು ಬಟ್ಟೆ ಮುಚ್ಚಿ ಆಟೋ ಹತ್ತಿದೆವು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಹಾರ್ನ್‌ಗಳ ಗದ್ದಲ. ಅವಳು ಬುಟ್ಟಿಯನ್ನು ತಬ್ಬಿಕೊಂಡು, "ತಾತ, ಬೆಳ್ಳಿ ಸಾಯಲ್ಲ ಅಲ್ವಾ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ಸ್ಟೆತಸ್ಕೋಪ್ ಇಟ್ಟು ಕೇಳಿದರು, ಹಲ್ಲು ಪರೀಕ್ಷಿಸಿದರು. "ಕರುಳು ಸರಿಯಾಗಿ ಕೆಲಸ ಮಾಡ್ತಿಲ್ಲ. ಏನೇನು ತಿನ್ನಿಸ್ತೀರಿ?"

"ಹುಲ್ಲು, ಸೊಪ್ಪು" ಎಂದಳು ಮೊಮ್ಮಗಳು.

ನಾನು ತಲೆ ತಗ್ಗಿಸಿದೆ. ಅವಳು ಸಂಜೆ ಟ್ಯೂಷನ್‌ಗೆ ಹೋದಾಗ ನನ್ನ ಕಾಫಿಯ ಜೊತೆಯ ಬಿಸ್ಕತ್ತಿನಲ್ಲಿ ಬೆಳ್ಳಿಗೂ ಪಾಲು ಕೊಡುತ್ತಿದ್ದೆ. ಕ್ಯಾರೆಟ್ಟಂತೂ ದಿನಾ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಡಾಕ್ಟರಿಂದ ಮುಚ್ಚಿಟ್ಟರೆ ನಷ್ಟ ಬೆಳ್ಳಿಗೆ. ಹೇಳಿಬಿಟ್ಟೆ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಬೈಯಲಿಲ್ಲ. ಅದೂ ಒಂದು ಕಾರಣವಿರಬಹುದು ಎಂದು ಬಿಡಿಸಿ ಹೇಳಿದರು. ಮೊಲದ ಮುಖ್ಯ ಆಹಾರ ಒಣಹುಲ್ಲು. ಅದರ ನಾರಿನಿಂದಲೇ ಕರುಳು ಚುರುಕಾಗಿರುತ್ತದೆ, ಬದುಕಿಡೀ ಬೆಳೆಯುವ ಹಲ್ಲೂ ಸವೆಯುತ್ತದೆ. ಹಿಟ್ಟು, ಸಕ್ಕರೆ ಅದರ ಹೊಟ್ಟೆಗೆ ಒಗ್ಗುವುದಿಲ್ಲ. ಕ್ಯಾರೆಟ್ಟಿನಲ್ಲೂ ಸಕ್ಕರೆ ಇದೆ, ಅಪರೂಪಕ್ಕೊಂದು ಚೂರು ಸಾಕು. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಲೂ ಮೊಲಕ್ಕೆ ಬರುವುದಿಲ್ಲ. ದೊಡ್ಡ ಪ್ರಾಣಿಗಳಿಗೆ ಹೆದರಿ ಬದುಕುವ ಜೀವವಾದ್ದರಿಂದ ನೋವನ್ನು ತೋರಿಸಿಕೊಳ್ಳುವುದೂ ಇಲ್ಲ.

"ಅರ್ಧ ದಿನ ತಿನ್ನದಿದ್ದರೆ, ಹಿಕ್ಕೆ ನಿಂತರೆ ಕಾಯಬಾರದು. ನಾಳೆ ಬಂದಿದ್ದರೆ ಕಷ್ಟವಿತ್ತು. ಹಿಕ್ಕೆ ಗಮನಿಸಿದ್ದು ಯಾರು?"

ಶಾಲೆಯಲ್ಲಿ ಎತ್ತುವ ಹಾಗೆ ಮೊಮ್ಮಗಳು ಕೈ ಎತ್ತಿದಳು.

ಚರ್ಮದಡಿಗೆ ದ್ರವ ಕೊಟ್ಟು, ನೋವಿಗೆ ಇಂಜೆಕ್ಷನ್ ಹಾಕಿದರು. ಮನೆಯಲ್ಲಿ, ಅವರು ಹೇಳಿಕೊಟ್ಟಂತೆ, ಸೂಜಿಯಿಲ್ಲದ ಸಿರಿಂಜಿನಿಂದ ಗಂಜಿಯಂಥ ಆಹಾರವನ್ನು ಸ್ವಲ್ಪಸ್ವಲ್ಪವೇ ಕುಡಿಸಿದೆವು. ರಾತ್ರಿಯ ಪಾಳಿ ನಾನೇ ಕೇಳಿ ತೆಗೆದುಕೊಂಡೆ. ಸೋಮವಾರ ನಸುಕಿನಲ್ಲಿ ಗೂಡಿಗೆ ಹಾಸಿದ್ದ ಪೇಪರಿನ ಮೇಲೆ ಕಾಳುಮೆಣಸಿನಂಥ ನಾಲ್ಕು ಹಿಕ್ಕೆ ಕಂಡವು. ಮನೆಮಂದಿಯನ್ನೆಲ್ಲ ಎಬ್ಬಿಸಿದೆ!

ಈಗ ಸಂಜೆ ಕಾಫಿ ಹೊತ್ತಿಗೆ ಬೆಳ್ಳಿಗೆ ಒಂದು ಹಿಡಿ ಒಣಹುಲ್ಲು. ಬಿಸ್ಕತ್ತಿನ ಡಬ್ಬ ಮೊಮ್ಮಗಳ ವಶದಲ್ಲಿದೆ. "ಶುಗರ್ ಇದೆ ಅಂತ ನಿಮ್ಮ ಡಾಕ್ಟರೂ ಹೇಳಿದ್ದಾರಲ್ಲ ತಾತ" ಎಂದು ನನಗೂ ಎಣಿಸಿ ಒಂದೇ ಕೊಡುತ್ತಾಳೆ.