ಅಜ್ಜಿಯ ಬಿಂದಿಗೆ, ನನ್ನ ಸುತ್ತಿಗೆ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ, ದೀರ್ಘ ಎಲ್ಲಾದ್ರೂ ತಪ್ಪಿದ್ರೆ ಕನ್ನಡ ಸಂಘದವರು ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ. ತಿದ್ದದೆ ಉಳಿದಿದ್ದು ನನ್ನ ಅಸಲಿ ಕನ್ನಡ ಅಂತ ತಿಳ್ಕೊಳ್ಳಿ.

ನಮ್ಮೂರು ಮರಳವಾಡಿ. ಹಾರೋಹಳ್ಳಿಯಿಂದ ಒಳಗೆ ಹೋಗಬೇಕು. ರಾಗಿ, ಹಿಪ್ಪುನೇರಳೆ, ಬನ್ನೇರುಘಟ್ಟದ ಕಾಡಿನ ಕಡೆಯಿಂದ ಆಗಾಗ ಬರುವ ಆನೆ, ಇಷ್ಟು ಹೇಳಿದ್ರೆ ಊರು ಅರ್ಥ ಆಗುತ್ತೆ. ಅಪ್ಪ ಅಮ್ಮ ಇರೋದು ಬೆಂಗಳೂರಲ್ಲಿ, ಊರಲ್ಲಿ ಅಜ್ಜಿ ಮತ್ತು ಚಿಕ್ಕಪ್ಪನ ಮನೆಯವರು. ಹೋದ ದಸರಾ ರಜೆಗೆ ಹೋದಾಗ ಅಜ್ಜಿ ಕೊಟ್ಟಿಗೆ ಅಟ್ಟದ ಮೇಲಿಂದ ಒಂದು ಹಿತ್ತಾಳೆ ಬಿಂದಿಗೆ ಇಳಿಸಿ ನನ್ನ ಮುಂದೆ ಇಟ್ಟರು. ಹೊಟ್ಟೆ ಭಾಗದಲ್ಲಿ ಅಂಗೈ ಅಗಲ ನೆಗ್ಗಿತ್ತು. ಯಾವತ್ತೋ ಅಟ್ಟದಿಂದ ಉರುಳಿ ಬಿದ್ದದ್ದಂತೆ.

"ಏನ್ಲಾ ಮಗ, ಇಂಜಿನೇರು ಓದ್ತಿದ್ದೀಯಲ್ಲ, ಇದ್ನ ಸರಿ ಮಾಡಕಾಯ್ತದಾ? ನಮ್ಮಪ್ಪ ಮದ್ವೇಲಿ ಕೊಟ್ಟಿದ್ದು ಕಣ್ಲಾ."

ಚಿಕ್ಕಪ್ಪನ ಮಗಳು, ಅಂದ್ರೆ ನಮ್ಮಕ್ಕನ ಮದುವೆ ಕಾರ್ತಿಕದಲ್ಲಿ ಇತ್ತು. ನೀರು ತರೋ ಶಾಸ್ತ್ರಕ್ಕೆ ಅದೇ ಬಿಂದಿಗೆ ಆಗಬೇಕು ಅಂತ ಅಜ್ಜಿ ಆಸೆ. ಬಿಂದಿಗೆಯ ಕೊರಳ ಹತ್ತಿರ ಚುಕ್ಕಿ ಚುಕ್ಕಿಯಾಗಿ ಅಜ್ಜಿ ಹೆಸರು ಕೆತ್ತಿದೆ. ಅಜ್ಜಿಗೆ ಓದೋಕೆ ಬರಲ್ಲ, ಆದ್ರೆ ಆ ಮೂರು ಅಕ್ಷರದ ಮೇಲೆ ಬೆರಳು ಇಟ್ಟು ಓದ್ತಾರೆ.

ಚಿಕ್ಕಪ್ಪ "ಕನಕಪುರದಲ್ಲಿ ಪಾತ್ರೆ ರಿಪೇರಿಯೋರು ಒಬ್ರು ಅವ್ರೆ, ಆರುನೂರೋ ಏಳುನೂರೋ ತಗೋತಾರೆ, ಕೊಟ್ಬುಡು" ಅಂದ್ರು. ನನಗೆ ಅವಮಾನ ಆದ ಹಾಗಾಯ್ತು. ಮೆಕ್ಯಾನಿಕಲ್ ಸೆಕೆಂಡ್ ಇಯರ್ ನಾನು! ಒಂದು ನೆಗ್ಗು ತೆಗೆಯೋಕೆ ಏಳುನೂರು ಯಾಕೆ ಕೊಡಬೇಕು?

ಕೈ ಬಿಂದಿಗೆ ಒಳಗೆ ಹೋಗುತ್ತೆ, ಆದ್ರೆ ಸುತ್ತಿಗೆ ಬೀಸೋಕೆ ಜಾಗ ಇಲ್ಲ. ಹಾರೆ ತುದಿಗೆ ಹಳೇ ಬನಿಯನ್ ಸುತ್ತಿ ಒಳಗಿಂದ ಒತ್ತಿ ಹಿಡ್ಕೊಂಡೆ, ಹೊರಗಿಂದ ನೆಗ್ಗಿನ ಅಂಚು ಹಿಡಿದು ಕುಟ್ಟುತ್ತಾ ಬಂದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಬಂತು. ನೆಗ್ಗು ಅರ್ಧ ಎದ್ದಿತ್ತು. ಆಮೇಲೆ ಏನು ಮಾಡಿದ್ರೂ ಜಗ್ಗಲಿಲ್ಲ. ಶಬ್ದ ಕೂಡ ಬದಲಾಯ್ತು, ಠಣ್ ಅನ್ನೋದು ಇನ್ನೂ ಚೂಪಾಯ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಜೋರಾಗಿ ಕುಟ್ಟಿದೆ. ಟಕ್ ಅಂತ ಒಂದು ಸಣ್ಣ ಶಬ್ದ. ನೀರು ತುಂಬಿ ನೋಡಿದ್ರೆ ಎರಡು ಕಡೆ ಜಿನುಗ್ತಿದೆ: ನಾನು ಕುಟ್ಟಿದ ಜಾಗದಲ್ಲಿ ಒಂದು, ಕೊರಳ ಕೆಳಗೆ, ನಾನು ಮುಟ್ಟೇ ಇರದ ಕಡೆ ಇನ್ನೊಂದು.

ಅಜ್ಜಿಗೆ ಹೇಳಲಿಲ್ಲ. "ಇನ್ನೂ ಕೆಲಸ ಇದೆ" ಅಂದು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿ ಹಾಸ್ಟೆಲಿಗೆ ವಾಪಸ್ ಬಂದುಬಿಟ್ಟೆ. ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ಕೋಲ್ಡ್ ವರ್ಕಿಂಗ್, ಸ್ಟ್ರೇನ್ ಹಾರ್ಡನಿಂಗ್ ಎಲ್ಲ ಆಗಿತ್ತು. ಐದು ಮಾರ್ಕಿಗೆ ಬರೆದೂ ಇದ್ದೆ. ಲೋಹವನ್ನ ತಣ್ಣಗಿರುವಾಗ ಬಗ್ಗಿಸಿದಷ್ಟೂ ಒಳಗೆ ಡಿಸ್ಲೊಕೇಶನ್‌ಗಳು ಸಿಕ್ಕು ಹಾಕ್ಕೊಂಡು ಗಟ್ಟಿಯಾಗುತ್ತೆ, ಕೊನೆಗೆ ಬಿರಿಯುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಅದೇ. ಪೇಪರಲ್ಲಿ ಬರೆದಿದ್ದನ್ನೇ ಹಾರೆ ಹಿಡಿದಾಗ ಮರೆತಿದ್ದೆ. ನಂಗೆ ಗೊತ್ತಿಲ್ಲದೆ ಇದ್ದದ್ದು ಕೊರಳಿನ ಬಿರುಕು. ಅದು ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು ಬಂದೂಕಿನ ದಾರಿಯಿಂದ. 70 ಭಾಗ ತಾಮ್ರ 30 ಭಾಗ ಸತುವಿನ ಹಿತ್ತಾಳೆಗೆ ನಮ್ಮ ಪುಸ್ತಕದಲ್ಲಿ ಕಾಟ್ರಿಜ್ ಬ್ರಾಸ್ ಅಂತಾನೇ ಹೆಸರು. ಕಾಟ್ರಿಜ್ ಅಂದ್ರೆ ತೋಟಾ. ರೈಫಲ್ ತೋಟಾದ ಹಿತ್ತಾಳೆ ಕೋಶವನ್ನ ಬಿಲ್ಲೆಯಿಂದ ಶುರು ಮಾಡಿ, ಬಟ್ಟಲಾಗಿ ಒತ್ತಿ, ಆಮೇಲೆ ಹಂತ ಹಂತವಾಗಿ ಉದ್ದಕ್ಕೆ ಎಳೀತಾರೆ. ಮಧ್ಯೆ ಮಧ್ಯೆ ಕಾಯಿಸಿ ಮೆತ್ತಗೆ ಮಾಡಲೇಬೇಕು, ಇಲ್ಲದಿದ್ರೆ ಹರಿದುಹೋಗುತ್ತೆ. ಕೊನೆಗೆ ಬುಡ ಗಟ್ಟಿಯಾಗಿಯೇ ಇರಬೇಕು, ಬಾಯಿ ಮಾತ್ರ ಮೆತ್ತಗಿರಬೇಕು. ಗುಂಡು ಹಾರಿದಾಗ ಬಾಯಿ ಹಿಗ್ಗಿ ನಳಿಗೆಗೆ ಅಂಟಿ ಹೊಗೆ ಹಿಂದಕ್ಕೆ ಬರದ ಹಾಗೆ ತಡೀಬೇಕಲ್ಲ, ಅದಕ್ಕೆ. ಅಮೆರಿಕದಲ್ಲಿ ಗುರಿಕಾರ ಹವ್ಯಾಸಿಗಳು ಖಾಲಿ ಕೋಶಗಳನ್ನ ಮನೇಲೇ ಕಾಯಿಸಿ, ಅಚ್ಚಿಗೆ ಒತ್ತಿ, ಬೇರೆ ಅಳತೆಗೆ ತಂದು ಮತ್ತೆ ಬಳಸ್ತಾರೆ. ಕೆಲವರು ತಲೆನೋವು ಬೇಡ ಅಂತ ಅದನ್ನೇ ಕಸುಬು ಮಾಡ್ಕೊಂಡೋರಿಗೆ ದುಡ್ಡು ಕೊಟ್ಟು ಮಾಡಿಸ್ಕೋತಾರೆ. ನನ್ನದೂ ಚಿಕ್ಕಪ್ಪನದೂ ಜಗಳ ಏನಿತ್ತೋ ಅದೇ ಅಲ್ಲೂ ಇದೆ ಅಂತ ನೋಡಿ ಸಮಾಧಾನ ಆಯ್ತು.

(ನನ್ನ ರೂಮ್‌ಮೇಟ್ ಕೊಡಗಿನವನು. ಇದನ್ನ ಹೇಳಿದ್ರೆ ನಕ್ಕ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ಅವರ ಮನೇಲಿ ಕೋವಿಗೆ ಹೂವಿಟ್ಟು ಪೂಜೆ. ಆದ್ರೆ ತೋಟಾ ಮನೇಲಿ ತಯಾರಿಸೋದು ಬೇರೆ ವಿಷಯ, 1959ರ ಆಯುಧ ಕಾಯ್ದೆ ಪ್ರಕಾರ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. "ನೀನು ಬಿಂದಿಗೆ ನೋಡ್ಕೋ ಮಾರಾಯ" ಅಂದ.)

ಇದನ್ನೆಲ್ಲ ಓದ್ತಾ ಇದ್ದಾಗ ಸೀಸನ್ ಕ್ರ್ಯಾಕಿಂಗ್ ಅನ್ನೋ ಮಾತು ಸಿಕ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಆದ ಕಥೆ ಅದು. ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನ ಕುದುರೆ ಲಾಯದಲ್ಲಿ ಇಡ್ತಿದ್ರು. ಮಳೆ ಮುಗಿದು ತೆಗೆದ್ರೆ ಹೊಸ ತೋಟಾಗಳು ಯಾರೂ ಮುಟ್ಟದೆ ತಾವಾಗೇ ಬಿರುಕು ಬಿಟ್ಟಿರ್ತಿದ್ವು. ಕಾರಣ ಪೂರ್ತಿ ಗೊತ್ತಾಗಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಅನ್ನೋ ಮೂವರ ಪ್ರಬಂಧದಿಂದ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಕೋಶವನ್ನ ಎಳೆದು ಮಾಡುವಾಗ ಹಿತ್ತಾಳೆ ಒಳಗೇ ಉಳಿದ ಬಿಗಿತ, ಈ ಮೂರೂ ಸೇರಿದ್ರೆ ಹಿತ್ತಾಳೆ ಸೀಳುತ್ತೆ. ಒಂದು ಇಲ್ಲದಿದ್ರೂ ಏನೂ ಆಗಲ್ಲ.

ಲಾಯ ಅಂತ ಓದಿದ ಕೂಡಲೇ ನಮ್ಮ ಕೊಟ್ಟಿಗೆ ಅಟ್ಟ ಕಣ್ಮುಂದೆ ಬಂತು. ಕೆಳಗೆ ಎರಡು ಸೀಮೆಹಸು, ಒಂದು ಕರು. ಬೆಳಗ್ಗೆ ಬಾಗಿಲು ತೆಗೆದ್ರೆ ಕಣ್ಣು ಉರಿಯೋ ವಾಸನೆ. ಮೇಲೆ ವರ್ಷಗಟ್ಟಲೆ ಬಿಂದಿಗೆ. ಫೋನಲ್ಲಿ ಕೆಲಸ ಶುರು ಮಾಡೋ ಮುಂಚೆ ತೆಗೆದ ಫೋಟೋ ಇತ್ತು, ರೀಲ್ ಮಾಡೋಣ ಅಂತ ತೆಗೆದಿದ್ದೆ. ಜೂಮ್ ಮಾಡಿದೆ. ಕೊರಳ ಕೆಳಗೆ ಕೂದಲೆಳೆ ಅಷ್ಟು ಸಣ್ಣ ಗೆರೆ ಆಗಲೇ ಇತ್ತು. ಅಂದ್ರೆ ಒಂದು ಬಿರುಕು ಕೊಟ್ಟಿಗೇದು, ಒಂದು ನಂದು. ನಮ್ಮ ಬಿಂದಿಗೆ ಸರಿಯಾಗಿ 70/30 ಹಿತ್ತಾಳೆನಾ ಅಂತ ಯಾರೂ ಪರೀಕ್ಷೆ ಮಾಡಿಲ್ಲ, ಲ್ಯಾಬಲ್ಲಿ ಮೈಕ್ರೋಸ್ಕೋಪ್ ಕೆಳಗೂ ಇಟ್ಟಿಲ್ಲ. ಆದ್ರೂ ಲೆಕ್ಕ ತಾಳೆ ಆಗುತ್ತೆ. ಅರ್ಧ ತಪ್ಪು ಕಮ್ಮಿ ಆಯ್ತು ಅಂತ ಖುಷಿ ಆಗಿದ್ದು ನಿಜ, ಸುಳ್ಳು ಹೇಳಲ್ಲ.

ಮುಂದಿನ ಶನಿವಾರ ಊರಿಗೆ ಹೋದೆ. ಈ ಸಲ ಬಿಂದಿಗೆ ಮುಟ್ಟಲಿಲ್ಲ. ಬಾಯಿ ಸೊಟ್ಟಗಾದ ಒಂದು ಹಳೇ ಹಿತ್ತಾಳೆ ಲೋಟ ಹುಡುಕಿದೆ. ಸೌದೆ ಒಲೆಯಲ್ಲಿ ಕೆಂಡ ಮಾಡಿ, ಊದುಕೊಳವೇಲಿ ಊದಿ, ರಾತ್ರಿ ದೀಪ ಆರಿಸಿ ಕಾಯಿಸಿದೆ. ಕತ್ತಲಲ್ಲಿ ಕಾಯಿಸೋಕೆ ಕಾರಣ ಇದೆ. ಹಿತ್ತಾಳೆ ಮೆತ್ತಗಾಗೋದು ಸುಮಾರು 425ರಿಂದ 750 ಡಿಗ್ರಿ ಮಧ್ಯೆ, ನನ್ನ ಹತ್ರ ಅಳೆಯೋಕೆ ಏನೂ ಇಲ್ಲ. ಕತ್ತಲಲ್ಲಿ ಮೊಟ್ಟಮೊದಲು ಮಂದ ಕೆಂಪು ಕಾಣೋದು 500 ದಾಟಿದ ಮೇಲೆ. ಕೆಂಪು ಕಂಡ ತಕ್ಷಣ ಇಕ್ಕಳದಲ್ಲಿ ಎತ್ತಿ ನೀರಿಗೆ ಹಾಕಿದೆ. ಉಕ್ಕನ್ನ ಹೀಗೆ ಅದ್ದಿದ್ರೆ ಗಟ್ಟಿ ಆಗುತ್ತೆ, ಹಿತ್ತಾಳೆ ಆಗಲ್ಲ. ಪುಸ್ತಕದಲ್ಲಿ ಓದಿದ್ದೆ, ಆದ್ರೂ ನೀರಿಂದ ತೆಗೆದು ಹೆಬ್ಬೆರಳಲ್ಲಿ ಒತ್ತಿದಾಗ ಅಂಚು ಜೇಡಿಮಣ್ಣಿನ ಹಾಗೆ ಒಳಗೆ ಹೋಗಿದ್ದು ನೋಡಿ ಕೂಗಿಬಿಟ್ಟೆ. ತಟ್ಟಿದ್ರೆ ಠಣ್ ಇಲ್ಲ, ಡಬ್ ಅನ್ನುತ್ತೆ. ಸೊಟ್ಟ ಬಾಯಿ ಕೈಯಲ್ಲೇ ನೆಟ್ಟಗಾಯ್ತು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು "ಲೋಟ ಸುಟ್ಟು ಏನ್ ಮಾಡೀಯೆ, ಉಣ್ಣಾಕ್ ಬಾ" ಅಂದ್ರು.

ಆವಾಗ ಬಿಂದಿಗೆ ವಿಷಯ ಹೇಳಿದೆ. ಎರಡೂ ಬಿರುಕು ತೋರಿಸಿದೆ, ಯಾವುದು ನಂದು ಅಂತಾನೂ ತೋರಿಸಿದೆ. ಅಜ್ಜಿ ಏನೂ ಬೈಲಿಲ್ಲ. ಹೆಸರಿನ ಮೇಲೆ ಬೆರಳಾಡಿಸಿ, ಬಿರುಕು ಅಲ್ಲಿವರೆಗೆ ಬಂದಿಲ್ಲ ಅಂತ ನೋಡಿಕೊಂಡು, "ಅದ್ಯಾಕ್ ಮುಚ್ಚಿಟ್ಟೆ?" ಅಂತ ಅಷ್ಟೇ ಕೇಳಿದ್ದು. ಬೈದಿದ್ರೆ ಚೆನ್ನಾಗಿರ್ತಿತ್ತು.

ಈಗ ನಿಜವಾದ ಪ್ರಶ್ನೆ. ನೆಗ್ಗು ತೆಗೆಯೋದು ನನ್ನ ಕೈಲಾಗುತ್ತೆ ಅಂತ ಲೋಟ ಹೇಳಿತು. ಕಾಯಿಸೋಕೆ ಮುನ್ನೂರು ಡಿಗ್ರಿ ಅಂತರ ಇದೆ, ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ನಡೆಯುತ್ತೆ. ಆದ್ರೆ ಬಿರುಕಿಗೆ ಬೆಸುಗೆ ಹಾಕಬೇಕು. ಸತು ಜಾಸ್ತಿ ಇರೋ ಹಿತ್ತಾಳೆ ಚೂರು ಕರಗೋದು 870–880 ಡಿಗ್ರಿ ಹತ್ರ, 70/30 ಹಿತ್ತಾಳೆ ಕರಗೋಕೆ ಶುರುವಾಗೋದು 915ರ ಹತ್ರ. ಮಧ್ಯೆ ಇರೋದು ಮೂವತ್ತೈದು ನಲವತ್ತು ಡಿಗ್ರಿ. ಒಂದು ಕ್ಷಣ ಜಾಸ್ತಿ ಊದಿದ್ರೆ ಬಿಂದಿಗೇನೇ ತೂತು. ಸತು ಹೊಗೆ ಕುಡಿದ್ರೆ ಚಳಿ ಜ್ವರ ಬೇರೆ. ಇದು ಹತ್ತು ಬಿಂದಿಗೆ ಹಾಳು ಮಾಡಿ ಕಲಿಯೋ ಕೆಲಸ, ಅಜ್ಜಿ ಹತ್ರ ಇರೋದು ಒಂದು.

ಕನಕಪುರಕ್ಕೆ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋದೆ. ಅಂಗಡಿ ಅನ್ನೋಕಾಗಲ್ಲ, ಒಂದು ಜಗಲಿ, ಒಂದು ಕುಲುಮೆ. ಎಪ್ಪತ್ತು ದಾಟಿದ ತಾತ ಬಿಂದಿಗೆ ತಿರುಗಿಸಿ ನೋಡಿ, ನನ್ನನ್ನ ನೋಡಿ, "ಸುತ್ಗೆ ಇಡ್ದೋರು ಯಾರಪ್ಪ?" ಅಂದ್ರು.

"ನಾನೇ ತಾತ."

"ಕಾಯ್ಸದೆ ಒಡ್ದಿದ್ದೀಯ."

ಎರಡು ಪದ, ನಮ್ಮ ಯೂನಿಟ್ ಎರಡು ಪೂರ್ತಿ.

ಅವರ ಕೆಲಸ ನೋಡ್ತಾ ಎರಡು ಗಂಟೆ ಕೂತೆ. ಮೊದಲು ಪೂರ್ತಿ ಕಾಯಿಸಿದ್ರು. ಜಗಲಿಯ ಕತ್ತಲೆ ಮೂಲೆಯಲ್ಲಿ ಕುಲುಮೆ ಯಾಕೆ ಇದೆ ಅಂತ ನನಗೆ ಕೇಳದೇ ಗೊತ್ತಾಯ್ತು. ನೆಲದಲ್ಲಿ ಹುಗಿದ ಬಾಗಿದ ಕಬ್ಬಿಣದ ಕೋಲಿಗೆ ಬಿಂದಿಗೆ ತೂರಿಸಿ, ಹೊರಗಿಂದ ಮರದ ಕೊಡತಿಯಲ್ಲಿ ಸಣ್ಣಗೆ ತಟ್ಟುತ್ತಾ ಬಂದ್ರು. ಜೋರಾಗಿ ಒಂದು ಏಟೂ ಇಲ್ಲ. ಶಬ್ದ ಚೂಪಾದ ತಕ್ಷಣ ನಿಲ್ಲಿಸಿ ಮತ್ತೆ ಬೆಂಕಿಗೆ. ಬಿರುಕನ್ನ ಅರದಲ್ಲಿ ಉಜ್ಜಿ, ಬಿಳಿಗಾರ ನೀರಲ್ಲಿ ಕಲಸಿ ಬಳಿದು, ಹಿತ್ತಾಳೆ ಚೂರು ಇಟ್ಟು ಊದಿದ್ರು. ಚೂರು ಮಿಂಚಿ ಬಿರುಕೊಳಗೆ ಹರಿದ ಕ್ಷಣಕ್ಕೇ ಬೆಂಕಿಯಿಂದ ಎತ್ತಿದ್ರು. ಆ ಕ್ಷಣ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. "ಕಾಣ್ತದೆ" ಅಂದ್ರು. ನನಗೆ ಕಾಣಲಿಲ್ಲ. ಎರಡನೇ ಬಿರುಕಿಗೂ ಕಣ್ಣು ಮಿಟುಕಿಸದೆ ನೋಡಿದೆ, ಆಗಲೂ ಕಾಣಲಿಲ್ಲ.

ಕೊಟ್ಟಿಗೆ ವಿಷಯ ಹೇಳಿದೆ, ಅಮೋನಿಯಾ, 1921 ಎಲ್ಲ. ತಾತ ತಲೆ ಆಡಿಸಿ, ದನದ ಮನೇಲಿ ಹಿತ್ತಾಳೆ ಇಡಬಾರದು ಅಂತ ಅವರಪ್ಪ ಹೇಳ್ತಿದ್ರು ಅಂದ್ರು. ಯಾಕೆ ಅಂತ ಅವರಪ್ಪ ಹೇಳಿರಲಿಲ್ಲವಂತೆ. ಮಗ ಈ ಕೆಲಸಕ್ಕೆ ಬಂದಿಲ್ಲ, ಬಿಡದಿ ಕಡೆ ಫ್ಯಾಕ್ಟರಿಗೆ ಹೋಗ್ತಾನೆ. ತಿಂಗಳಿಗೆ ನಾಲ್ಕೋ ಐದೋ ಪಾತ್ರೆ ಬರುತ್ತೆ, ಉಳಿದ ದಿನ ಬಾಗಿಲು ಹಾಕಿರ್ತೀನಿ ಅಂದ್ರು. ಆರುನೂರು ಕೇಳಿದ್ರು. ನಾನು ಚೌಕಾಸಿ ಮಾಡಲಿಲ್ಲ. ನೆಗ್ಗು ಅರ್ಧ ನಾನೇ ಎತ್ತಿದ್ದೆ ಅಂತ ಹೇಳೋಕೆ ಬಾಯಿ ಬಂತು, ತಡ್ಕೊಂಡೆ.

ಮದುವೆ ದಿನ ಬಿಂದಿಗೆ ಜಿನುಗಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ್ರೂ ಬೆಸುಗೆ ಎರಡು ಗೆರೆ ಸ್ವಲ್ಪ ಹಳದಿಯಾಗಿ ಬೇರೆ ಕಾಣುತ್ತೆ. ಅಕ್ಕ ಸೊಂಟದ ಮೇಲೆ ಇಟ್ಕೊಂಡು ಬರುವಾಗ ಎಲ್ಲರೂ ಅಕ್ಕನ್ನ ನೋಡ್ತಿದ್ರು, ನಾನು ಬಿಂದಿಗೆ ತಳ ನೋಡ್ತಿದ್ದೆ.

ಸಂಕ್ರಾಂತಿಗೆ ಹೋದಾಗ ಬಿಂದಿಗೆ ಎಲ್ಲಿ ಅಂತ ಕೇಳಿದ್ರೆ ಅಜ್ಜಿ ಕೊಟ್ಟಿಗೆ ಕಡೆ ಕೈ ತೋರಿಸಿದ್ರು. ಇನ್ನೆಲ್ಲಿ ಇಡೋದು, ಮನೇಲಿ ಜಾಗ ಎಲ್ಲಿದೆ ಅಂತ ವಾದ. ಅರ್ಧ ಗಂಟೆ ಜಗಳ ಆಡಿ ಅಟ್ಟದಿಂದ ಇಳಿಸಿ, ನನ್ನ ಹಳೇ ಪುಸ್ತಕಗಳ ರಟ್ಟಿನ ಡಬ್ಬ ಖಾಲಿ ಮಾಡಿ ಆ ಮೂಲೆಯಲ್ಲಿ ಕೂರಿಸಿದೆ. ಪುಸ್ತಕ ಈಗ ಕೊಟ್ಟಿಗೆ ಅಟ್ಟದಲ್ಲಿವೆ.