ದಿನಕ್ಕೊಂದು ಮಿಲಿಮೀಟರ್

ಪುಣೆಯಿಂದ ಬರುವ ಹೆದ್ದಾರಿ ನಿಪ್ಪಾಣಿ ದಾಟಿ ಹುಕ್ಕೇರಿ ತಾಲ್ಲೂಕಿಗೆ ಇಳಿದರೆ ಎರಡೂ ಬದಿಗೆ ಕಬ್ಬೇ ಕಬ್ಬು. ಸಂಕೇಶ್ವರದಲ್ಲಿ ಇಳಿದು ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದಾಗ, ಭರ್ರೆಂದು ದಕ್ಷಿಣಕ್ಕೆ ಓಡುವ ಪುಣೆಯ ಬಸ್ಸುಗಳನ್ನು ನೋಡಿ ಶ್ರೇಯಾ ಸಿದ್ದನಗೌಡ ನೆನಪಾದರು. 2016ರ ಸೆಪ್ಟೆಂಬರಿನಲ್ಲಿ ಪುಣೆಯ ಮನೆಯಿಂದ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿಗೆ ಹೊರಟಿದ್ದ ಈ ವಿದ್ಯಾರ್ಥಿನಿ ಬಸ್ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡರು. ಮರುವರ್ಷ ಆಗಸ್ಟಿನಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣಿಯ ಅಯ್ಯರ್ ಅವರ ತಂಡ 13 ಗಂಟೆ ನಿಂತು, ಮೆದುಳು ನಿಷ್ಕ್ರಿಯಗೊಂಡಿದ್ದ 20ರ ಹರೆಯದ ಯುವಕನೊಬ್ಬನ ಕೈಗಳನ್ನು ಅವರ ಮೇಲ್ತೋಳುಗಳಿಗೆ ಜೋಡಿಸಿತು.

ಎಲುಬಿಗೆ ಎಲುಬು ಕೂಡಿಸಿ, ರಕ್ತನಾಳ ಹೊಲಿದರೆ ಕೈ ಅಂದೇ ಬೆಚ್ಚಗಾಗುತ್ತದೆ. ಆದರೆ ಆ ಬೆಚ್ಚಗಿನ ಕೈಗೆ ಏನೂ ತಿಳಿಯದು. ಹೊಲಿಗೆ ಬೀಳುವುದು ನರದ ಹೊರಗವಚಕ್ಕೆ ಮಾತ್ರ. ಕೊಟ್ಟವನ ನರದ ಎಳೆಗಳು ಒಳಗೊಳಗೇ ಅಳಿದುಹೋಗುತ್ತವೆ; ಪಡೆದವರ ಎಳೆಗಳು ತೋಳಿನಿಂದ ಬೆರಳ ತುದಿಯವರೆಗೆ ಹೊಸದಾಗಿ ಬೆಳೆದು ಬರಬೇಕು. ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಶ್ರೇಯಾ ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿ ತಾವೇ ಕೈಯಾರೆ ಪರೀಕ್ಷೆ ಬರೆದರು. ಕೈ ಇನ್ನೊಬ್ಬನದು, ಬರಹ ಅವರದೇ! ಇದನ್ನು ಎಷ್ಟು ಸಲ ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಿಕೊಂಡು, ಹಿಡಕಲ್ ಜಲಾಶಯದ ಅಂಚು ಹಿಡಿದು ಘಟಪ್ರಭೆಯ ಜೊತೆಗೇ ಕೆಳಗಿಳಿದೆ. ಧೂಪದಾಳದಲ್ಲಿ ಬಹಳ ಹೊತ್ತು ನಿಂತೆ. ಇಲ್ಲಿಯ ಒಡ್ಡು 1897ರದು. ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ಈ ಸೀಮೆಯ ರೈತರಿಗೆ ನರದ ಕಥೆ ಹೇಳುವುದಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನೀರು ನಿಲ್ಲಿಸಿದರೂ ಕೆನಾಲ್ ಇದ್ದಲ್ಲೇ ಇರುತ್ತದೆ. ಹೂಳು ತೆಗೆದು, ಕಸ ಕಿತ್ತು ಇಟ್ಟರೆ ಮುಂದೆ ನೀರು ಬಿಟ್ಟಾಗ ಅದು ಹಳೆಯ ಹೊಲಕ್ಕೇ ತಲುಪುತ್ತದೆ. ನರವೂ ಹೀಗೆಯೇ. ಕಡಿದ ಜಾಗದಿಂದ ಆಚೆಯ ಎಳೆ ಸಾಯುತ್ತದೆಂದು 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ತೋರಿಸಿದರು. ಎಳೆ ಸತ್ತರೂ ಅದರ ಕೊಳವೆ ಉಳಿಯುತ್ತದೆ. ಎಳೆಗೆ ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ತಮ್ಮ ಹಳೆಯ ಕಸುಬು ಬಿಟ್ಟು, ಸತ್ತದ್ದನ್ನು ತೆಗೆದುಹಾಕಿ, ಸಾಲಾಗಿ ನಿಂತು, ಬೆಳವಣಿಗೆಗೆ ಬೇಕಾದ ಪೋಷಕಗಳನ್ನು ಸುರಿಸುತ್ತ ಕಾಯುತ್ತವೆ. ಕಸಿ ಮಾಡಿದ ಕೈಯಲ್ಲಿ ಈ ಕೊಳವೆಯೂ ಕೊಟ್ಟವನದೇ. ಸತ್ತವನೊಬ್ಬನ ದೇಹದ ದಾರಿಯಲ್ಲಿ ಬದುಕಿರುವವರ ನರ ನಡೆದು ಹೋಗುತ್ತದೆ.

ಗೋಕಾಕ ಫಾಲ್ಸಿನಲ್ಲಿ ಮಳೆಗಾಲದ ಕೆಂಪು ನೀರು 52 ಮೀಟರ್ ಕೆಳಕ್ಕೆ ಧುಮುಕುತ್ತಿತ್ತು. ಬಂಡೆಯ ಅದುರು ಅಂಗಾಲಿಗೆ ತಾಗಿದ ಕೂಡಲೇ ತಲೆಗೆ ತಿಳಿಯಿತು. ಸ್ಪರ್ಶದ ಸುದ್ದಿ ನರದಲ್ಲಿ ಸೆಕೆಂಡಿಗೆ 50 ಮೀಟರಿನಷ್ಟು ವೇಗದಲ್ಲಿ ಓಡಬಲ್ಲದು. ಎದುರಿನ ತೂಗುಸೇತುವೆಯ ಉದ್ದ ಸುಮಾರು 200 ಮೀಟರ್. ಸುದ್ದಿಗೆ ಅದು ನಾಲ್ಕು ಸೆಕೆಂಡಿನ ದಾರಿ. ಅದೇ ನರದ ಬೆಳೆಯುವ ತುದಿಗೆ ಆ ಸೇತುವೆ ದಾಟಲು 500ಕ್ಕೂ ಹೆಚ್ಚು ವರ್ಷ ಬೇಕು! ಒಂದೇ ಎಳೆಯಲ್ಲಿ ಇಂಥ ಓಟ, ಇಂಥ ತೆವಳಿಕೆ. ತೆವಳುವ ಆ ತುದಿಯನ್ನು 1890ರಲ್ಲಿ ಕೋಳಿಯ ಭ್ರೂಣದಲ್ಲಿ ಗುರುತಿಸಿದವರು ಸ್ಪೇನಿನ ಕಹಾಲ್. ಆದರೆ ಈ ತೆವಳಿಕೆಗೂ ಗಡುವಿದೆ. ನರ ತಪ್ಪಿದ ಸ್ನಾಯು ಒಂದು, ಒಂದೂವರೆ ವರ್ಷ ಕಾದೀತು. ಆಮೇಲೆ ನರ ಬಂದರೂ ಸ್ನಾಯು ಮೊದಲಿನಂತೆ ಓಗೊಡುವುದು ಕಷ್ಟ.

ಕರದಂಟು ಕಟ್ಟಿಸಿಕೊಂಡು ಮೂಡಲಗಿಗೆ ಹೋದೆ. ಶಿವಬೋಧರಂಗ ಮಠಕ್ಕೆ ಕೈಮುಗಿದು ಕಾಕಾನ ತೋಟದ ಮನೆ ಸೇರುವಾಗ ಸಂಜೆ. ಹೋದ ವರ್ಷ ಮಳೆಗಾಲದಲ್ಲಿ ಮೇವು ಕತ್ತರಿಸುವ ಮಷೀನಿಗೆ ಸಿಕ್ಕು ಕಾಕಾನ ಬಲಗೈ ಮೊಣಕೈ ಕೆಳಗೆ ಸೀಳಿತ್ತು. ಹೆಬ್ಬೆರಳಿಗೂ ಪಕ್ಕದೆರಡು ಬೆರಳಿಗೂ ಅರಿವು ಕೊಡುವ ನರವನ್ನು ಬೆಳಗಾವಿಯಲ್ಲಿ ಹೊಲಿದಿದ್ದರು.

“ಇಲ್ಲೆ ಬಡಿ ನೋಡು ತಮ್ಮಾ,” ಎಂದು ಕಾಕಾ ಕೈ ಚಾಚಿದ. “ದೀಪಾವಳಿಗಿ ಇಲ್ಲಿ ಬಡಿದ್ರ ಜುಮ್ ಅಂತಿತ್ತು. ಯುಗಾದಿಗಿ ಮಣಿಕಟ್ಟಿಗಿ ಬಂತು. ಈಗ ಪಂಚಮಿಗಿ ಬೆರಳಿನ ತುದಿ ಮುಟ್ಟೈತಿ.”

ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿ ಫ್ರಾನ್ಸಿನ ವೈದ್ಯ ಜೂಲ್ ಟಿನೆಲ್ 1915ರಲ್ಲಿ ಬರೆದದ್ದು ಇದನ್ನೇ: ಬೆಳೆಯುವ ತುದಿ ಎಲ್ಲಿದೆಯೋ ಅಲ್ಲಿ ತಟ್ಟಿದರೆ ಜುಮುಗುಡುತ್ತದೆ. ಕಾಕಾ ಅದನ್ನು ಹಬ್ಬಗಳ ಲೆಕ್ಕದಲ್ಲಿ ಇಟ್ಟುಕೊಂಡಿದ್ದ.

1903ರಲ್ಲಿ ಹೆನ್ರಿ ಹೆಡ್ ಎಂಬ ಇಂಗ್ಲೆಂಡಿನ ವೈದ್ಯರು ಸ್ಪರ್ಶ ಹೇಗೆ ಮರಳುತ್ತದೆಂದು ಅರಿಯಲು ತಮ್ಮದೇ ಎಡಗೈಯ ನರ ಕೊಯ್ಯಿಸಿಕೊಂಡರು. ಅವರ ಗೆಳೆಯ ರಿವರ್ಸ್ ವರ್ಷಗಟ್ಟಲೆ ಆ ಕೈಯನ್ನು ಚುಚ್ಚಿ, ಸವರಿ ಪರೀಕ್ಷಿಸಿದರು ಎಂದೆ. ಕಾಕಾ ಕಣ್ಣರಳಿಸಿ, “ತಾನಾಗೇ ಕೊಯ್ಸಿಕೊಂಡ್ನ?” ಎಂದ.

ಅಷ್ಟರಲ್ಲಿ ಕಾಕು ತಟ್ಟೆ ತಂದಿಟ್ಟಳು. ಜೋಳ, ಕಡಲೆ, ಹೆಸರು, ಅಲಸಂದಿ ಬೆರೆಸಿದ್ದು. ದಿನವೂ ಕಣ್ಣು ಮುಚ್ಚಿ ಕಾಳು ಗುರುತಿಸಬೇಕು, ಆಮೇಲೆ ಕಣ್ಣು ಬಿಟ್ಟು ನೋಡಬೇಕು. ಹೊಸ ಎಳೆಗಳಲ್ಲಿ ಎಷ್ಟೋ ದಾರಿ ತಪ್ಪಿ ಬೇರೆ ಕೊಳವೆ ಹೊಕ್ಕಿರುತ್ತವೆ. ತೋರುಬೆರಳು ಮುಟ್ಟಿದರೆ ನಡುಬೆರಳು ಎನಿಸುತ್ತದೆ. ಬಂದ ಸುದ್ದಿ ಎಲ್ಲಿಯದೆಂದು ಮೆದುಳು ಮತ್ತೆ ಕಲಿಯಬೇಕು. ಕಾಕಾ ಕಡಲೆಯನ್ನು ಕಡಲೆ ಎಂದ. ಅಲಸಂದಿ ಸರಿಯಾಯಿತು. ಜೋಳಕ್ಕೆ ಹೆಸರು ಎಂದ.

“ಬೆನ್ನೆಲುಬಿನಾಗಿನ ನರಾನೂ ಹಿಂಗ ಬೆಳೀತಾವೇನೋ?” ಕಾಕು ಕೇಳಿದಳು. ಮಾಳಿಗೆಯಿಂದ ಬಿದ್ದು ಕಾಲ ಸ್ವಾಧೀನ ಕಳೆದುಕೊಂಡ ಓಣಿಯ ಹುಡುಗ ಅವಳ ಮನಸ್ಸಿನಲ್ಲಿದ್ದ. ಅಲ್ಲಿ ಶ್ವಾನ್ ಕೋಶಗಳ ಜಾಗದಲ್ಲಿ ಬೇರೆ ಕೋಶಗಳಿವೆ, ಅವುಗಳ ಹೊದಿಕೆಯೇ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಹೇಳಲೇಬೇಕಾಯಿತು. ಆದರೆ 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಡೇವಿಡ್ ಮತ್ತು ಅಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಅದರ ಬೆನ್ನುಹುರಿಗೆ ಕಸಿ ಮಾಡಿದಾಗ, ಬೆಳೆಯಲಾರವು ಎನ್ನಿಸಿಕೊಂಡಿದ್ದ ಎಳೆಗಳೇ ಆ ತುಂಡಿನೊಳಗೆ ಸೆಂಟಿಮೀಟರುಗಟ್ಟಲೆ ಬೆಳೆದಿದ್ದವು. ಇದನ್ನೂ ಹೇಳಿದೆ.

“ಹಂಗಾರ ಬೆಳಿಯೂ ಶಕ್ತಿ ಐತಿ. ದಾರಿ ಇಲ್ಲ,” ಎಂದಳು ಕಾಕು.

ಹೌದು ಕಾಕು, ಆ ದಾರಿಯನ್ನೇ ಈಗ ಹುಡುಕುತ್ತಿದ್ದಾರೆ ಎಂದೆ. ಕಾಕಾ ಮತ್ತೆ ಕಣ್ಣು ಮುಚ್ಚಿ ಜೋಳಕ್ಕೆ ಕೈ ಹಾಕಿದ.